ಪಾದ್ರಿಯೊಬ್ಬನ ಕಹಿನಗೆ

ಮೇಲೆ ಹೊಗಳಿಕೆ, ಒಳಗೆ ನಿಂದೆ: ಇದು ವ್ಯಾಜಸ್ತುತಿಯೆಂದು ವಾಚಕರು ಬಲ್ಲರು. ಕ್ರಿ. ಶ. 1729ರಲ್ಲಿ ಡಬ್ಲಿನ್ ನಗರದ ಪಾದ್ರಿ ಜೊನಾಥನ್ ಸ್ವಿಫ್ಟನು ಇದಕ್ಕೆ ನಂಟಾದ ಮಾರ್ಗವೊಂದನ್ನು ಹಿಡಿದನು. ಐರ್ಲೆಂಡಿನ ಉಣ್ಣೆಬಟ್ಟೆಯು ಪರದೇಶಗಳಿಗೆ ಹೋಗದಂತೆ ಇಂಗ್ಲೆಂಡು 1699ರಲ್ಲಿಯೇ ತಡೆದಿದ್ದಿತು. ಗೇಣಿಯ ಹಣವು ಇಂಗ್ಲೆಂಡಿನಲ್ಲಿ ಸುಖವಾಗಿದ್ದ ಜಮೀನುದಾರರ ಕೈಸೇರುತ್ತಿದ್ದಿತು. ಬೀದಿಯಲ್ಲಿ ತಾಯಂದಿರು ಕೂಸುಗಳೊಡನೆ ತಿರಿಯುತ್ತಿದ್ದರು. ಸ್ವಿಫ್ಟನು ಹೆಸರು ಹಾಕದೆ ಅಚ್ಚು ಮಾಡಿಸಿದ ಕಿರುಹೊತ್ತಗೆಯ ಸಲಹೆಯಿದು: 1 ಲಕ್ಷ ಬಡಶಿಶುಗಳನ್ನು ವರ್ಷ ತುಂಬಿದೊಡನೆ ಸಿರಿವಂತರ ಊಟಕ್ಕೆ ಮಾರಬಹುದು, ತಲೆಗೆ 10 ಷಿಲ್ಲಿಂಗು! ಧಾಟಿಯು ವರ್ತಕನ ಲೆಕ್ಕದಂತೆ ತಣ್ಣಗಿದೆ, ಅದೇ ಭಯಂಕರ. ಕಡೆಗೆ, ಊರಿಗೆ ಬಾರದ ಜಮೀನುದಾರರಿಗೆ ತೆರಿಗೆ, ಸ್ವದೇಶಿ ಬಟ್ಟೆ (ಈ ಮಾತು ನಮಗೇನು ಹೊಸದೆ?), ಗೇಣಿದಾರರಲ್ಲಿ ಕರುಣೆ, ಇಂಥ ಪರಿಹಾರಗಳನ್ನು ಯಾರೂ ತನ್ನೆದುರು ಎತ್ತಕೂಡದೆಂದು ನಿಷೇಧಿಸುವ ನೆವದಲ್ಲಿ ಎಲ್ಲವನ್ನೂ ಎಣಿಸಿ ಹೇಳಿಬಿಡುತ್ತಾನೆ.