ಉಸುಮಸಿಂತಾ ದಡದ ಕಲ್ಲಿನ ಪುಟಗಳು

ಸೊನ್ನೆಯ ಚರಿತ್ರೆ ಹೇಳುವಾಗಲೆಲ್ಲ ನಾನು ಮಕ್ಕಳಿಗೆ ಮಾಯಾ ಜನರ ವಿಷಯವನ್ನೂ ಹೇಳುವುದುಂಟು. ನಮ್ಮವರ ಪರಿಚಯವೇ ಇಲ್ಲದೆ, ಜಗತ್ತಿನ ಇನ್ನೊಂದು ಮೂಲೆಯಲ್ಲಿ, ಸೊನ್ನೆಗೊಂದು ಗುರುತು ಕೊಟ್ಟು ಲೆಕ್ಕ ಹಾಕಿದವರು ಅವರು. ಆಗ ಹಿಂದಿನ ಬೆಂಚಿನಿಂದ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: 'ಸಾರ್, ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ ಮಯ ಇವರ ಕಡೆಯವನಾ?' ಹೆಸರಿನ ಹೋಲಿಕೆ ಬಿಟ್ಟರೆ ಬೇರೇನೂ ಸಂಬಂಧವಿಲ್ಲ ಕಣಪ್ಪಾ ಎನ್ನುತ್ತೇನೆ. ಎರಡನೆಯ ಪ್ರಶ್ನೆ ಮೊದಲಿನದಕ್ಕಿಂತ ಗಟ್ಟಿ: 'ಹಾಗಾದರೆ ಅವರೆಲ್ಲ ಎಲ್ಲಿಗೆ ಹೋದರು ಸಾರ್?'

ಎಲ್ಲಿಗೂ ಹೋಗಿಲ್ಲ. ದಕ್ಷಿಣ ಮೆಕ್ಸಿಕೋ, ಗ್ವಾಟೆಮಾಲಾ, ಬೆಲೀಜ್, ಹೊಂಡುರಾಸ್‌ನ ಪಶ್ಚಿಮ ಭಾಗ, ಇಲ್ಲೆಲ್ಲ ಲಕ್ಷಾಂತರ ಮಾಯಾ ಜನ ಇಂದಿಗೂ ಇದ್ದಾರೆ. ಸುಮಾರು 30 ಮಾಯಾ ಭಾಷೆಗಳನ್ನು ಆಡುತ್ತಾರೆ, ಜೋಳ ಬೆಳೆಯುತ್ತಾರೆ, ರೊಟ್ಟಿ ತಟ್ಟುತ್ತಾರೆ. ಪಾಳುಬಿದ್ದದ್ದು ಅವರ ಪ್ರಾಚೀನ ನಗರಗಳು. ಆ ನಗರಗಳಲ್ಲಿ ಕೆಲವು ನದಿಗಳ ದಡದಲ್ಲಿದ್ದವು. ಇಂದು ಅಲ್ಲಿ ಪಾಳು ನಗರ, ಹರಿಯುವ ನದಿ, ಬದುಕಿರುವ ಜನ ಮೂರಕ್ಕೂ ಒಟ್ಟಿಗೇ ಸಂಕಟ ಬಂದಿದೆ.

ಮಂಗಗಳ ಊರಿನ ನದಿ

ಮಾಯಾ ಸೀಮೆಯ ಉತ್ತರ ಭಾಗವಾದ ಯುಕಟಾನ್ ಬಹುತೇಕ ಸುಣ್ಣಕಲ್ಲಿನ ನೆಲ. ಮಳೆ ಬಿದ್ದರೆ ನೀರು ಬಿರುಕುಗಳಲ್ಲಿ ಇಂಗಿ ಪಾತಾಳ ಸೇರುತ್ತದೆ. ಮೇಲೆ ನದಿಯೇ ಇಲ್ಲ. ನೆಲ ಕುಸಿದು ಆದ ಬಾವಿಯಂಥ ಗುಂಡಿಗಳೇ ಗತಿ. ದಕ್ಷಿಣಕ್ಕೆ ಬಂದರೆ ಚಿತ್ರ ಬೇರೆ. ಗ್ವಾಟೆಮಾಲಾದ ಬೆಟ್ಟಗಳಿಂದ ಇಳಿಯುವ ಚಿಷೋಯ್ ನದಿ ಮುಂದೆ ಸಲಿನಾಸ್ ಎಂಬ ಹೆಸರು ಪಡೆದು, ಪೂರ್ವದಿಂದ ಬರುವ ಪಾಸಿಯೋನ್ ನದಿಯನ್ನು ಕೂಡುತ್ತದೆ. ಆ ಸಂಗಮದಿಂದ ಮುಂದಕ್ಕೆ ಅದರ ಹೆಸರು ಉಸುಮಸಿಂತಾ. ಪುಟ್ಟ ಮಂಗಗಳ ಜಾಗ ಎಂದು ಅದರ ಅರ್ಥವಂತೆ.

ಮೂಲದಿಂದ ಅಳೆದರೆ ಇದರ ಉದ್ದ ಸುಮಾರು 1,000 ಕಿ.ಮೀ.; ನಮ್ಮ ಕಾವೇರಿಗಿಂತ ಹೆಚ್ಚು. ಸ್ವಲ್ಪ ದೂರ ಗ್ವಾಟೆಮಾಲಾ ಮತ್ತು ಮೆಕ್ಸಿಕೋಗಳ ಗಡಿಯಾಗಿ ಹರಿದು, ಕಡಿದಾದ ಕಣಿವೆಗಳನ್ನು ದಾಟಿ, ತಬಾಸ್ಕೊ ರಾಜ್ಯದ ಬಯಲಿಗಿಳಿದು, ಗ್ರಿಹಾಲ್ವಾ ನದಿಯೊಡನೆ ಸೇರಿ ಮೆಕ್ಸಿಕೋ ಕೊಲ್ಲಿಗೆ ಬೀಳುತ್ತದೆ. ಚಕ್ರದ ಗಾಡಿಯನ್ನಾಗಲಿ, ಹೊರೆ ಹೊರುವ ದನ, ಕುದುರೆಗಳನ್ನಾಗಲಿ ಕಾಣದಿದ್ದ ಮಾಯಾ ಜನರಿಗೆ ಇಂಥ ನದಿಯೇ ಹೆದ್ದಾರಿ. ಮರ ಕೊರೆದು ಮಾಡಿದ ದೋಣಿಗಳಲ್ಲಿ ಉಪ್ಪು, ಹಸಿರು ಜೇಡ್ ಕಲ್ಲು, ಚೂರಿಯಂಥ ಅಲಗು ಕೊಡುವ ಜ್ವಾಲಾಮುಖಿ ಗಾಜು ಎಲ್ಲವೂ ಸಾಗುತ್ತಿದ್ದವು.

ಈ ನದಿ ಕುದುರೆ ಲಾಳದಂತೆ ಬಳಸಿ ಹರಿಯುವ ಒಂದು ತಿರುವಿನಲ್ಲಿ, ಮೆಕ್ಸಿಕೋ ದಡದ ಮೇಲೆ, ಯಾಷ್‌ಚಿಲಾನ್ ಇದೆ. ಹತ್ತಿರದ ಊರಿನಿಂದ ಇವತ್ತಿಗೂ ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. 1882ರಲ್ಲಿ ಇಂಗ್ಲಿಷ್ ಸಂಶೋಧಕ ಆಲ್‌ಫ್ರೆಡ್ ಮಾಡ್‌ಸ್ಲೆ ಅಲ್ಲಿಗೆ ತಲುಪಿದ. ಬಾಗಿಲುಗಳ ಮೇಲೆ ಅಡ್ಡಲಾಗಿ ಇಟ್ಟಿದ್ದ ಕೆತ್ತನೆಯ ಕಲ್ಲುಗಳಲ್ಲಿ ಕೆಲವನ್ನು ಅವನು ಲಂಡನ್ನಿಗೆ ಸಾಗಿಸಿದ. ಅವು ಈಗಲೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಒಂದರಲ್ಲಿ ರಾಜ ಉರಿಯುವ ಪಂಜು ಹಿಡಿದು ನಿಂತಿದ್ದಾನೆ. ಎದುರಿಗೆ ಮಂಡಿಯೂರಿದ ರಾಣಿ ಮುಳ್ಳು ಪೋಣಿಸಿದ ಹಗ್ಗವನ್ನು ತನ್ನ ನಾಲಗೆಯ ತೂತಿನಲ್ಲಿ ಎಳೆದು ರಕ್ತ ಅರ್ಪಿಸುತ್ತಿದ್ದಾಳೆ. ಕಲ್ಲಿನ ಮೇಲೆ ತೇದಿಯೂ ಇದೆ: ನಮ್ಮ ಲೆಕ್ಕದಲ್ಲಿ ಕ್ರಿ.ಶ. 709.

ಒಬ್ಬ ಹೆಂಗಸಿನ ಲೆಕ್ಕಾಚಾರ

ಯಾಷ್‌ಚಿಲಾನ್‌ನಿಂದ ನದಿಯಲ್ಲಿ ಕೆಳಕ್ಕೆ ಸಾಗಿದರೆ ಗ್ವಾಟೆಮಾಲಾದ ದಡದಲ್ಲಿ ಪಿಯೆದ್ರಾಸ್ ನೆಗ್ರಾಸ್ ಸಿಗುತ್ತದೆ. ಹಾಗೆಂದರೆ ಕರಿಕಲ್ಲುಗಳು. 1930ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಅಲ್ಲಿ ಉತ್ಖನನ ನಡೆಸಿತು. ಕಟ್ಟಡಗಳ ನಕ್ಷೆ ಬರೆಯಲು ಆ ತಂಡದ ಜೊತೆ ಹೋದವಳು ತಾತಿಯಾನಾ ಪ್ರೊಸ್ಕುರಿಯಾಕೋಫ್. 1909ರಲ್ಲಿ ರಷ್ಯದ ತೋಮ್‌ಸ್ಕ್ ಎಂಬಲ್ಲಿ ಹುಟ್ಟಿ ಅಮೆರಿಕದಲ್ಲಿ ವಾಸ್ತುಶಿಲ್ಪ ಓದಿದವಳು. ಪುರಾತತ್ವದ ಪದವಿಯೇನೂ ಇರಲಿಲ್ಲ. ಆದರೆ ಅವಳು ಮಾಡಿದ ಕೆಲಸವನ್ನು ವಿಜ್ಞಾನದ ಮೇಷ್ಟರಾದ ನಾವೆಲ್ಲ ತರಗತಿಯಲ್ಲಿ ಹೇಳಬೇಕು.

ಆ ಕಾಲಕ್ಕೆ ಮಾಯಾ ಲಿಪಿಯಲ್ಲಿ ತೇದಿಗಳನ್ನು ಮಾತ್ರ ಓದಲು ಬರುತ್ತಿತ್ತು. ಉಳಿದ ಅಕ್ಷರಗಳು ಮೂಕ. ಶಾಸನಸ್ತಂಭಗಳ ಮೇಲಿರುವವರು ದೇವರು ಇಲ್ಲವೇ ಪೂಜಾರಿಗಳು, ಬರೆದಿರುವುದು ಬರೀ ಗ್ರಹಗತಿ, ಪಂಚಾಂಗ ಎಂದು ಎರಿಕ್ ಥಾಂಪ್ಸನ್‌ರಂಥ ಹಿರಿಯ ವಿದ್ವಾಂಸರೇ ನಂಬಿದ್ದರು. ಪ್ರೊಸ್ಕುರಿಯಾಕೋಫ್ ಅಕ್ಷರ ಓದಲು ಹೋಗಲಿಲ್ಲ; ತೇದಿಗಳನ್ನು ಪಟ್ಟಿ ಮಾಡಿದಳು.

ಪಿಯೆದ್ರಾಸ್ ನೆಗ್ರಾಸ್‌ನ ಸ್ತಂಭಗಳು ಗುಂಪು ಗುಂಪಾಗಿ ನಿಂತಿದ್ದವು. ಹೆಚ್ಚುಕಡಿಮೆ ಐದು ವರ್ಷಕ್ಕೊಂದರಂತೆ, ಸರಿಯಾಗಿ ಹೇಳಬೇಕೆಂದರೆ 1,800 ದಿನಕ್ಕೊಂದರಂತೆ, ಅವನ್ನು ನಿಲ್ಲಿಸಿದ್ದರು. ಪ್ರತಿ ಗುಂಪಿನ ಮೊದಲ ಕಲ್ಲಿನಲ್ಲಿ ಏಣಿ ಹತ್ತಿ ಗೂಡಿನಂಥ ಪೀಠದಲ್ಲಿ ಕುಳಿತ ವ್ಯಕ್ತಿ. ಆ ಗುಂಪಿನ ತೇದಿಗಳಲ್ಲಿ ಒಂದು ತೇದಿಯ ಪಕ್ಕ ಸದಾ ಒಂದೇ ಚಿಹ್ನೆ. ಅದಕ್ಕೂ ಹಲವು ವರ್ಷ ಹಿಂದಿನ ತೇದಿಯ ಪಕ್ಕ ಇನ್ನೊಂದು ಚಿಹ್ನೆ, ಮುಖ ಮೇಲೆತ್ತಿದ ಕಪ್ಪೆಯಂಥದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಗುಂಪಿನ ಕಾಲಾವಧಿಯೂ ಒಬ್ಬ ಮನುಷ್ಯನ ಆಯುಸ್ಸನ್ನು ಮೀರುತ್ತಿರಲಿಲ್ಲ!

ಇದರ ಅರ್ಥವೇನು? ಕಪ್ಪೆಯ ಚಿಹ್ನೆ ಹುಟ್ಟಿದ ದಿನ. ಇನ್ನೊಂದು ಪಟ್ಟಕ್ಕೆ ಬಂದ ದಿನ. ಒಂದು ಗುಂಪೆಂದರೆ ಒಬ್ಬ ರಾಜನ ಆಳ್ವಿಕೆ. ಕಲ್ಲಿನ ಮೇಲಿದ್ದವರು ಹುಟ್ಟಿ, ಆಳಿ, ಸತ್ತ ಮನುಷ್ಯರು. 1960ರಲ್ಲಿ ಈ ಪ್ರಬಂಧ ಪ್ರಕಟವಾದಾಗ ಥಾಂಪ್ಸನ್ ಕೂಡ ಒಪ್ಪಿಕೊಂಡರು. ಒಂದು ಅಕ್ಷರವನ್ನೂ ಉಚ್ಚರಿಸದೆ ಅವಳು ಒಂದು ಜನಾಂಗಕ್ಕೆ ಚರಿತ್ರೆಯನ್ನು ಮರಳಿ ಕೊಟ್ಟಳು. ಅವಳು 1985ರಲ್ಲಿ ತೀರಿಕೊಂಡಳು. 1998ರಲ್ಲಿ ಅವಳ ಚಿತಾಭಸ್ಮವನ್ನು ಪಿಯೆದ್ರಾಸ್ ನೆಗ್ರಾಸ್‌ನ ಎತ್ತರದಲ್ಲೇ ಹೂಳಿದರು.

ಇಲ್ಲೊಂದು ಮಾತು ಗಮನಿಸಬೇಕು. ಕಲ್ಲುಗಳು ಯಾವ ಗುಂಪಿನಲ್ಲಿ, ಯಾವ ಕ್ರಮದಲ್ಲಿ ನಿಂತಿದ್ದವು ಎಂಬ ವಿವರ ಇಲ್ಲದಿದ್ದರೆ ಈ ಲೆಕ್ಕ ಬಿಡಿಸಲು ಆಗುತ್ತಲೇ ಇರಲಿಲ್ಲ. ಕಲ್ಲಿನಷ್ಟೇ ಕಲ್ಲಿದ್ದ ಜಾಗವೂ ಮುಖ್ಯ. ಆದರೆ ಅದೇ 1960ರ ದಶಕದಲ್ಲಿ ಕಳ್ಳರು ಕಾಡಿಗೆ ನುಗ್ಗಿದರು. ಗರಗಸದಿಂದ ಶಾಸನದ ಕೆತ್ತನೆಯ ಮುಖವನ್ನಷ್ಟೇ ಸೀಳಿ ತೆಗೆದು, ತುಂಡು ಮಾಡಿ ಅಮೆರಿಕ, ಯುರೋಪುಗಳ ಸಂಗ್ರಾಹಕರಿಗೆ ಮಾರಿದರು. 1971ರಲ್ಲಿ ಇಯಾನ್ ಗ್ರಹಾಂ ಎಂಬ ಸಂಶೋಧಕರ ಜೊತೆಗಿದ್ದ ಸಹಾಯಕನೊಬ್ಬನನ್ನು ಕಳ್ಳರು ಗುಂಡಿಟ್ಟು ಕೊಂದರು.

ನದಿಯೇ ಅಗೆದ ಗೋಡೆ

ನದಿ ಕಾಪಾಡುವಂತೆ ಕೆಡಿಸುವುದೂ ಉಂಟು. ಹೊಂಡುರಾಸ್‌ನ ಕೋಪಾನ್ ನಗರದ ಪಕ್ಕದಲ್ಲಿ ಅದೇ ಹೆಸರಿನ ನದಿ ಶತಮಾನಗಳ ಕಾಲ ರಾಜರ ದಿಬ್ಬದ ಒಂದು ಮಗ್ಗುಲನ್ನು ಕೊರೆದು ಕೆಡವಿತು. ಕಟ್ಟಡಗಳೇ ಕೊಚ್ಚಿಹೋದವು. ಉಳಿದದ್ದು ಕೇಕು ಕತ್ತರಿಸಿದಂತೆ ನೇರ ನಿಂತ ಒಂದು ಎತ್ತರದ ಗೋಡೆ. ಅದರಲ್ಲಿ ಹಳೆಯ ನೆಲಗಟ್ಟು, ಅದರ ಮೇಲೆ ಹೊಸ ನೆಲಗಟ್ಟು, ಮತ್ತೊಂದು, ಮಗದೊಂದು. ತಲೆಮಾರುಗಳ ಕಟ್ಟಡಗಳು ಪದರ ಪದರವಾಗಿ ಕಾಣುತ್ತವೆ. 1930ರ ದಶಕದಲ್ಲಿ ಕಾರ್ನೆಗಿ ಸಂಸ್ಥೆಯವರು ನದಿಯನ್ನೇ ಬೇರೆ ಪಾತ್ರಕ್ಕೆ ತಿರುಗಿಸಿ ದಿಬ್ಬವನ್ನು ಉಳಿಸಿದರು.

ನದಿ ಕೊರೆದರೆ ಹೀಗೆ ಏನಾದರೂ ಉಳಿಯುತ್ತದೆ. ಮನುಷ್ಯ ಕಟ್ಟೆ ಕಟ್ಟಿದರೆ?

ಚಿಷೋಯ್ ಕಟ್ಟೆಯ ಬೆಲೆ

ಉಸುಮಸಿಂತಾದ ಮೇಲ್ಭಾಗವಾದ ಚಿಷೋಯ್ ನದಿಗೆ ಗ್ವಾಟೆಮಾಲಾ ಸರ್ಕಾರ ವಿಶ್ವಬ್ಯಾಂಕ್ ಮುಂತಾದವುಗಳ ಸಾಲದಿಂದ ದೊಡ್ಡ ಅಣೆಕಟ್ಟು ಕಟ್ಟಿತು. 1983ರಲ್ಲಿ ಕೆಲಸ ಮುಗಿಯಿತು. ದೇಶದಲ್ಲಿ ಆಗ ಅಂತರ್ಯುದ್ಧ (1960-1996). ಹಿನ್ನೀರಿನಲ್ಲಿ ಮುಳುಗಲಿದ್ದ ರಿಯೊ ನೆಗ್ರೊ ಹಳ್ಳಿಯ ಮಾಯಾ ಅಚಿ ಜನ ಊರು ಬಿಡಲು ಒಪ್ಪಲಿಲ್ಲ. 1982ರ ಮಾರ್ಚ್ 13ರಂದು ಸೈನಿಕರೂ ಸರ್ಕಾರಿ ಕಾವಲು ಪಡೆಯವರೂ ಬಂದು ಆ ಹಳ್ಳಿಯ 70 ಹೆಂಗಸರನ್ನು, 107 ಮಕ್ಕಳನ್ನು ಗುಡ್ಡದ ಮೇಲೆ ಕರೆದೊಯ್ದು ಕೊಂದರು. ಮರುವರ್ಷ ನೀರು ತುಂಬಿತು. ಹೊಲ, ಮನೆಗಳ ಜೊತೆಗೆ ಕಾವಿನಾಲ್ ಎಂಬ ಪ್ರಾಚೀನ ನಗರದ ಅವಶೇಷವೂ ಮುಳುಗಿತು. ಸರ್ಕಾರ ಕ್ಷಮೆ ಕೇಳಿ 15.4 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದ್ದು 2014ರಲ್ಲಿ.

ಮುಖ್ಯ ನದಿಗೆ ಇನ್ನೂ ದೊಡ್ಡ ಕಟ್ಟೆ ಬಿದ್ದಿಲ್ಲ. ಯೋಜನೆಗಳೇನೂ ಕಡಿಮೆಯಿಲ್ಲ. ನದಿ ಬೆಟ್ಟದ ಕಿಂಡಿಯಿಂದ ಬಯಲಿಗೆ ಇಳಿಯುವ ಬೋಕಾ ದೆಲ್ ಸೆರೋ ಎಂಬ ಜಾಗ ಎಂಜಿನಿಯರುಗಳ ಕಣ್ಣಿಗೆ ಬಿದ್ದು ದಶಕಗಳಾದವು. 1980ರ ದಶಕದಿಂದ ಯೋಜನೆ ಹಲವು ಬಾರಿ ಕಡತದಿಂದ ಎದ್ದು ಬಂದಿದೆ, ಹಲವು ಬಾರಿ ಮಲಗಿದೆ. ಎತ್ತರದ ಕಟ್ಟೆ ಕಟ್ಟಿದ್ದರೆ ಪಿಯೆದ್ರಾಸ್ ನೆಗ್ರಾಸ್ ಮತ್ತು ಯಾಷ್‌ಚಿಲಾನ್‌ಗಳ ತಗ್ಗು ಭಾಗಗಳು ಜಲಸಮಾಧಿಯಾಗುತ್ತಿದ್ದವು. ಮೆಕ್ಸಿಕೋದ ಕವಿ ಓಮೇರೊ ಅರಿಡ್ಜಿಸ್ ಮತ್ತು ಅವರ 'ನೂರು ಜನರ ಬಳಗ', ನದಿತೀರದ ಹಳ್ಳಿಗರು, ಪುರಾತತ್ವಜ್ಞರು ಎಲ್ಲರೂ ಅದನ್ನು ವಿರೋಧಿಸುತ್ತ ಬಂದಿದ್ದಾರೆ.

ವಿದ್ಯುತ್ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ಲೆಕ್ಕದ ಎರಡೂ ಬದಿ ನೋಡಬೇಕು. ನದಿ ಹೊತ್ತು ತರುವ ಹೂಳು ಕಟ್ಟೆಯ ಹಿಂದೆ ನಿಂತರೆ ಕೆಳಗಿನ ಮುಖಜಭೂಮಿಗೆ ಮಣ್ಣು ಸಿಗುವುದಿಲ್ಲ. ಸಮುದ್ರ ದಡವನ್ನು ತಿನ್ನತೊಡಗುತ್ತದೆ. ಉಸುಮಸಿಂತಾದ ಕೊನೆಯಲ್ಲಿರುವ ಸೆಂಟ್ಲಾ ಜೌಗುಭೂಮಿಯನ್ನು ಮೆಕ್ಸಿಕೋ 1992ರಲ್ಲಿ ಜೀವಗೋಳ ರಕ್ಷಣಾ ಪ್ರದೇಶವೆಂದು ಸಾರಿದೆ. ಅದರ ಮೀನು, ಹಕ್ಕಿ, ಬೆಸ್ತರು ಎಲ್ಲರೂ ಈ ನದಿಯ ನೀರನ್ನೂ ಹೂಳನ್ನೂ ನಂಬಿದವರು. ಪಕ್ಕದ ಗ್ರಿಹಾಲ್ವಾ ನದಿಗಾಗಲೇ ನಾಲ್ಕು ದೊಡ್ಡ ಕಟ್ಟೆಗಳಿವೆ. ಅವುಗಳಲ್ಲೊಂದು 1960ರ ದಶಕದಲ್ಲಿ ಕೆಚುಲಾ ಎಂಬ ಊರಿನ ಹದಿನಾರನೇ ಶತಮಾನದ ಚರ್ಚನ್ನು ಮುಳುಗಿಸಿತು. 2015ರ ಬರದಲ್ಲಿ ನೀರಿಳಿದಾಗ ಚರ್ಚಿನ ಗೋಡೆಗಳು ಮೇಲೆದ್ದವು. ಜನ ದೋಣಿಯಲ್ಲಿ ಹೋಗಿ ನೋಡಿ ಬಂದರು.

ಒಬ್ಬ ಮೇಷ್ಟರ ಕಥೆ

ಅದೇ 2015ರಲ್ಲಿ ಪಾಸಿಯೋನ್ ನದಿಯಲ್ಲಿ ಇನ್ನೊಂದು ಅನಾಹುತವಾಯಿತು. ಸಯಾಷ್‌ಚೆ ಊರಿನ ಸುತ್ತ ಕಾಡು ಹೋಗಿ ಎಣ್ಣೆ ತಾಳೆಯ ತೋಟಗಳು ಬಂದಿವೆ. ಜೂನ್ ತಿಂಗಳಲ್ಲಿ ನೂರಕ್ಕೂ ಹೆಚ್ಚು ಕಿ.ಮೀ. ಉದ್ದಕ್ಕೆ ಮೀನುಗಳು ಸತ್ತು ತೇಲಿದವು. ತಾಳೆ ಎಣ್ಣೆ ಕಾರ್ಖಾನೆಯ ಕೊಳಚೆ ಹೊಂಡ ತುಂಬಿ ನದಿಗೆ ಹರಿದದ್ದೇ ಕಾರಣವೆಂಬ ದೂರು ಬಂತು. ಇಂಥ ಕೊಳಚೆ ನೀರಿಗೆ ಬಿದ್ದರೆ ಏನಾಗುತ್ತದೆಂದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ನೀರಿನಲ್ಲಿದ್ದೇ ಉಸಿರುಕಟ್ಟಿ ಸಾಯುತ್ತದೆ.

ಈ ವಿಷಯದಲ್ಲಿ ಮುಂದೆ ಬಂದು ದೂರು ಕೊಟ್ಟವರಲ್ಲಿ ರಿಗೊಬೆರ್ತೊ ಲಿಮಾ ಚೊಕ್ ಒಬ್ಬ. 28 ವರ್ಷದ ಶಾಲಾ ಮೇಷ್ಟರು, ಮಾಯಾ ಜನಾಂಗದವನು. ಸೆಪ್ಟೆಂಬರ್ 17ರಂದು ನ್ಯಾಯಾಲಯ ಕಾರ್ಖಾನೆಯನ್ನು ಆರು ತಿಂಗಳು ನಿಲ್ಲಿಸುವಂತೆ ಆದೇಶಿಸಿತು. ಮರುದಿನ, ಸೆಪ್ಟೆಂಬರ್ 18ರಂದು, ಸಯಾಷ್‌ಚೆಯ ನ್ಯಾಯಾಲಯದ ಮುಂದೆಯೇ ಅವನನ್ನು ಗುಂಡಿಟ್ಟು ಕೊಂದರು. ಅವನು ಹೇಳಿದ್ದು ನಾವು ವರ್ಷವರ್ಷ ಕರಿಹಲಗೆಯ ಮೇಲೆ ಬರೆಯುವ ಸಂಗತಿಯೇ. ಅದನ್ನು ನದಿಯ ದಡದಲ್ಲಿ ನಿಂತು ಹೇಳಿದ, ಅಷ್ಟೇ ವ್ಯತ್ಯಾಸ. ಈ ಸುದ್ದಿ ಓದಿದ ಮೇಲೆ ಆ ಪಾಠ ಮಾಡುವಾಗ ನನಗೆ ಅವನ ನೆನಪು ಬಾರದೆ ಇರುವುದಿಲ್ಲ.

ದಕ್ಷಿಣದ ಮೊತಾಗ್ವಾ ನದಿಯ ಕಥೆ ಬೇರೆ ರೀತಿ. ಮಾಯಾ ರಾಜರು ಚಿನ್ನಕ್ಕಿಂತ ಹೆಚ್ಚು ಬೆಲೆ ಕೊಟ್ಟ ಜೇಡ್ ಕಲ್ಲು ಸಿಗುತ್ತಿದ್ದದ್ದು ಅದರ ಕಣಿವೆಯಲ್ಲಿ. ಇಂದು ಅದು ಗ್ವಾಟೆಮಾಲಾ ನಗರದ ಪ್ಲಾಸ್ಟಿಕ್ ಕಸವನ್ನು ಕೆರಿಬಿಯನ್ ಸಮುದ್ರಕ್ಕೆ ಹೊರುವ ಕಾಲುವೆಯಾಗಿದೆ.

ಬೆಳಕಿನ ಅಳತೆಗೋಲು

ಕಳೆದುಕೊಳ್ಳುವುದು ಎಷ್ಟು ಎಂಬುದಕ್ಕೆ ಇತ್ತೀಚಿನ ಸಂಶೋಧನೆಯೇ ಉತ್ತರ. ವಿಮಾನದಿಂದ ಲೇಸರ್ ಕಿರಣಗಳನ್ನು ಕಾಡಿನ ಮೇಲೆ ಬಿಡುತ್ತಾರೆ. ಎಲೆಗಳ ಸಂದಿಯಲ್ಲಿ ನುಸುಳಿ ನೆಲ ಮುಟ್ಟಿ ಮರಳುವ ಕಿರಣಗಳು ತೆಗೆದುಕೊಂಡ ಕಾಲವನ್ನು ಅಳೆದು ನೆಲದ ಉಬ್ಬುತಗ್ಗಿನ ನಕ್ಷೆ ತಯಾರಿಸುತ್ತಾರೆ. ಇದಕ್ಕೆ ಲಿಡಾರ್ ಎಂದು ಹೆಸರು. ಗ್ವಾಟೆಮಾಲಾದ ಪೆತೆನ್ ಕಾಡಿನಲ್ಲಿ ಸುಮಾರು 2,100 ಚದರ ಕಿ.ಮೀ. ಅಳೆದಾಗ 61,480 ಹಳೆಯ ಕಟ್ಟಡಗಳ ಗುರುತು ಸಿಕ್ಕಿದ್ದು 2018ರಲ್ಲಿ ಪ್ರಕಟವಾಯಿತು.

2020ರಲ್ಲಿ ಇನ್ನೂ ದೊಡ್ಡ ಸುದ್ದಿ. ತಬಾಸ್ಕೊ ರಾಜ್ಯದಲ್ಲಿ, ಉಸುಮಸಿಂತಾ ಬಯಲಿಗೆ ಹತ್ತಿರದಲ್ಲೇ, ದನ ಮೇಯುವ ಹುಲ್ಲುಗಾವಲಿನಲ್ಲಿ ತಾಕೇಶಿ ಇನೊಮಾತಾ ಅವರ ತಂಡ ಮಣ್ಣಿನ ಒಂದು ಜಗಲಿಯನ್ನು ಗುರುತಿಸಿತು. ಉದ್ದ ಸುಮಾರು 1,400 ಮೀಟರ್, ಎತ್ತರ 10ರಿಂದ 15 ಮೀಟರ್, ಕಟ್ಟಿದ್ದು ಕ್ರಿ.ಪೂ. 1000ದಿಂದ 800ರ ನಡುವೆ. ಅಗ್ವಾದಾ ಫೆನಿಕ್ಸ್ ಎಂದು ಹೆಸರಿಟ್ಟರು. ಅದು ಎಷ್ಟು ವಿಶಾಲವೆಂದರೆ ಅದರ ಮೇಲೆ ನಡೆದಾಡಿದವರಿಗೆ ಅದು ಮನುಷ್ಯ ಕಟ್ಟಿದ್ದೆಂದೇ ತಿಳಿದಿರಲಿಲ್ಲ! ಮೂರು ಸಾವಿರ ವರ್ಷದ ಕಟ್ಟಡವನ್ನು ಗುರುತಿಸಲು ನಮಗೆ ಇಷ್ಟು ಕಾಲ ಬೇಕಾಯಿತು. ಇಂಥ ನೆಲವನ್ನು ನೋಡುವ ಮೊದಲೇ ಉತ್ತುಬಿಟ್ಟರೆ, ಮುಳುಗಿಸಿಬಿಟ್ಟರೆ ಹೇಳುವವರು ಯಾರು?

ಪೂರ್ತಿ ನಿರಾಶೆಯೂ ಬೇಡ. ಗ್ವಾಟೆಮಾಲಾ 1990ರಲ್ಲಿ ಪೆತೆನ್‌ನ ಉತ್ತರ ಭಾಗವನ್ನು ಮಾಯಾ ಜೀವಗೋಳ ರಕ್ಷಣಾ ಪ್ರದೇಶವಾಗಿ ಘೋಷಿಸಿತು. ಅದರ ಪಶ್ಚಿಮದ ಕೆಲವು ರಾಷ್ಟ್ರೀಯ ಉದ್ಯಾನಗಳು ಕಾಗದದ ಮೇಲೆ ರಕ್ಷಿತವಾಗಿದ್ದರೂ ದನದ ದೊಡ್ಡಿಗಳ ಪಾಲಾಗಿವೆ. ಆದರೆ ಊರವರೇ ಸಂಘ ಮಾಡಿಕೊಂಡು, ಕಾಡನ್ನು ವಹಿಸಿಕೊಂಡು, ಮಿತವಾಗಿ ಮರ ಕಡಿದು, ಎಲೆ, ಅಂಟು ಮಾರಿ ಬದುಕುವ ಕಡೆಗಳಲ್ಲಿ ಕಾಡು ಬಹುಮಟ್ಟಿಗೆ ಹಾಗೆಯೇ ನಿಂತಿದೆ. ಕಾಡು ನಿಂತಲ್ಲಿ ಕಲ್ಲೂ ಉಳಿದಿದೆ. ಕಾಯುವವರಿಗೆ ಆ ಕಾಡಿನಲ್ಲೇ ಅನ್ನ ಸಿಕ್ಕರೆ ಕಾವಲಿಗೆ ಬೇರೆ ಪೊಲೀಸರು ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಏನು ಬೇಕು?

'ಅವರೆಲ್ಲ ಎಲ್ಲಿಗೆ ಹೋದರು ಸಾರ್?' ಎಂದು ಮುಂದಿನ ವರ್ಷವೂ ಯಾವನಾದರೂ ಹುಡುಗ ಕೇಳುತ್ತಾನೆ. ಇಲ್ಲೇ ಇದ್ದಾರೆ, ನದಿಯ ದಡದಲ್ಲಿ, ನದಿಗಾಗಿ ಹೋರಾಡುತ್ತ, ಎಂದು ನಾನು ಹೇಳಬೇಕಾಗುತ್ತದೆ. ಹೇಳುವಾಗ ಅದು ನಿಜವಾಗಿಯೇ ಇರಲಿ ಎಂಬುದು ನನ್ನ ಆಸೆ.