ಬೆಕ್ಕಿಗೆ ಹೊರಗೆ ಹೋಗುವುದನ್ನು ಕಲಿಸುವುದು ಹೇಗೆ?

ಬೆಕ್ಕು ಒಂದು ಸಾಕುಪ್ರಾಣಿ. ಅದು ಇಲಿ ಹಿಡಿಯುತ್ತದೆ. ಚಳಿಗಾಲದಲ್ಲಿ ನಮ್ಮ ಕಾಲ ಹತ್ತಿರ ಬಂದು ಮಲಗುತ್ತದೆ. ಎಲ್ಲರಿಗೂ ಬೆಕ್ಕು ಇಷ್ಟ. ಆದರೆ ಮನೆಯೊಳಗೆ ಗಲೀಜು ಮಾಡಿತು ಅಂದರೆ ಮಾತ್ರ ಯಾರಿಗೂ ಬೇಡ. ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟು ಬಂದುಬಿಡುತ್ತಾರೆ. ಮನೆಯಲ್ಲಿ ಬೆಳೆದ ಬೆಕ್ಕಿಗೆ ಬೀದಿಯಲ್ಲಿ ಬದುಕೋದು ಗೊತ್ತಿರಲ್ಲ. ನಾಯಿಗೋ ಗಾಡಿಗೋ ಸಿಕ್ಕಿ ಸಾಯುತ್ತದೆ. ಹಾಗಾಗಬಾರದು ಅಂದರೆ ಅದಕ್ಕೆ ನಿಧಾನವಾಗಿ ಹೊರಗೆ ಹೋಗುವುದನ್ನು ಕಲಿಸಬೇಕು.

ಬೆಕ್ಕು ಮಣ್ಣು ಏಕೆ ಕೆರೆಯುತ್ತದೆ?

ನಾವು ಸಾಕುವ ಬೆಕ್ಕಿನ ಪೂರ್ವಜರು ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕುಗಳು. ಉದುರು ಮಣ್ಣಿನಲ್ಲಿ ಗುಂಡಿ ತೋಡಿ ಮುಚ್ಚುವುದು ಅದರ ಹುಟ್ಟುಗುಣ. ಮರಿಗೆ ಸುಮಾರು 3 ವಾರ ಆಗುವ ತನಕ ತಾಯಿಯೇ ನೆಕ್ಕಿ ಮಲಮೂತ್ರ ಮಾಡಿಸುತ್ತದೆ. ಆಮೇಲೆ ಮರಿ ತಾನೇ ಕೆರೆಯಲು ಕಲಿಯುತ್ತದೆ. ಚಿಕ್ಕಂದಿನಲ್ಲಿ ಯಾವುದರ ಮೇಲೆ ಕಾಲಿಟ್ಟು ಕಲಿಯಿತೋ ಅದೇ ಅಭ್ಯಾಸವಾಗುತ್ತದೆ.

ಶಿವಾಜಿನಗರ, ಹಲಸೂರಿನ ಗಲ್ಲಿಗಳಲ್ಲಿ ತುಂಬಾ ಜನ ಮಹಡಿ ಮೇಲೆ ಬಾಡಿಗೆಗೆ ಇರುತ್ತಾರೆ. ಅಲ್ಲಿ ಮಣ್ಣೇ ಇಲ್ಲ. ಆದ್ದರಿಂದ ಹಳೇ ಬಾಂಡ್ಲಿಯಲ್ಲಿ ಮರಳು ಹಾಕಿ ಇಡುತ್ತಾರೆ. ಕೆಲವರು ಅಂಗಡಿಯಿಂದ ಜೇಡಿಮಣ್ಣಿನ ಹರಳು ತರುತ್ತಾರೆ. ಹಿಂದೆ ಅಮೆರಿಕದಲ್ಲೂ ಬೆಕ್ಕಿಗೆ ಮರಳು, ಬೂದಿಯನ್ನೇ ಹಾಕುತ್ತಿದ್ದರು. 1947ರಲ್ಲಿ ಎಡ್ವರ್ಡ್ ಲೋ ಎಂಬುವರು ಮರಳು ಕೇಳಲು ಬಂದ ಪಕ್ಕದ ಮನೆಯಾಕೆಗೆ ನೀರು ಹೀರುವ ಜೇಡಿಹರಳು ಕೊಟ್ಟರು. ಆಮೇಲೆ ಅದೇ ದೊಡ್ಡ ವ್ಯಾಪಾರ ಆಯಿತು.

ನಮ್ಮ ಸೋದರತ್ತೆ ಶಿವಾಜಿನಗರದ ಮನೆ ಬಿಟ್ಟು ಕೆ.ಆರ್. ಪುರದ ಕಡೆ ನಮ್ಮೂರಿಗೆ ಬಂದಾಗ ಅವರ ಬೆಕ್ಕೂ ಬಂತು. ಅಂಗಳದಲ್ಲಿ ಅಷ್ಟು ಮಣ್ಣಿದ್ದರೂ ಅದು ಬಾಂಡ್ಲಿಯನ್ನೇ ಹುಡುಕುತ್ತಿತ್ತು. ಏಕೆಂದರೆ ನಮ್ಮ ಕಡೆಯ ಕೆಂಪುಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗೆ ಗಟ್ಟಿ. ಮಳೆ ಬಂದರೆ ಕೆಸರು. ಬೆಕ್ಕಿಗೆ ಎರಡೂ ಆಗಲ್ಲ. ಅತ್ತೆ ಈ ಕೆಳಗಿನ ಹಾಗೆ ಮಾಡಿದರು. ಒಂದೂವರೆ ತಿಂಗಳು ಹಿಡಿಯಿತು.

ಕಲಿಸುವ ವಿಧಾನ

1. ಹೊಸ ಮನೆಗೆ ಬಂದ ಬೆಕ್ಕನ್ನು 2–3 ವಾರ ಹೊರಗೆ ಬಿಡಬಾರದು. ಬಿಟ್ಟರೆ ಹಳೇ ಮನೆ ಹುಡುಕಿಕೊಂಡು ಹೋಗಿಬಿಡಬಹುದು. ಅಷ್ಟರಲ್ಲಿ ರೇಬೀಸ್ ಲಸಿಕೆ ಹಾಕಿಸಬೇಕು.

2. ಬಾಂಡ್ಲಿಯ ಮರಳಿಗೆ ಅಂಗಳದ ಮಣ್ಣನ್ನು ಪುಡಿ ಮಾಡಿ ಒಂದು ಹಿಡಿ ಬೆರೆಸಬೇಕು. ದಿನಾ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗಬೇಕು. ಕೊನೆಗೆ ಪೂರ್ತಿ ಮಣ್ಣೇ ಆಗಬೇಕು.

3. ಬಾಂಡ್ಲಿಯನ್ನು ದಿನಕ್ಕೆ ಒಂದು ಮೊಳ ಬಾಗಿಲ ಕಡೆಗೆ ಸರಿಸಬೇಕು. ಒಂದೇ ಸಲ ಹೊರಗಿಟ್ಟರೆ ಬೆಕ್ಕು ಹಳೇ ಜಾಗದಲ್ಲೇ ಮಾಡುತ್ತದೆ.

4. ಹಿತ್ತಲಿನ ಮೂಲೆಯಲ್ಲಿ 2 ಅಡಿ ಉದ್ದ, 2 ಅಡಿ ಅಗಲ, ಒಂದು ಗೇಣು ಆಳ ಅಗೆದು ಮಣ್ಣಿಗೆ ಮರಳು ಬೆರೆಸಿ ಸಡಿಲ ಮಾಡಬೇಕು. ಮೇಲೆ ಒಂದು ಹಳೇ ಶೀಟು ಇದ್ದರೆ ಮಳೆಗೆ ನೆನೆಯಲ್ಲ. ತುಳಸಿಕಟ್ಟೆ, ನಲ್ಲಿ, ತರಕಾರಿ ಪಾತಿ ಹತ್ತಿರ ಬೇಡ. ನಾಯಿ ಬರುವ ಜಾಗವೂ ಬೇಡ.

5. ಬಾಂಡ್ಲಿಯಿಂದ ಸ್ವಲ್ಪ ಗಲೀಜು ಮಣ್ಣನ್ನು ಆ ಗುಂಡಿಗೆ ಹಾಕಬೇಕು. ವಾಸನೆ ನೋಡಿ ಇದು ನನ್ನ ಜಾಗ ಅಂತ ಬೆಕ್ಕು ತಿಳಿದುಕೊಳ್ಳುತ್ತದೆ. ಊಟ ಆದ ಮೇಲೆ, ನಿದ್ದೆಯಿಂದ ಎದ್ದ ಮೇಲೆ ಅಲ್ಲಿಗೆ ಕರೆದುಕೊಂಡು ಹೋಗಿ ಸುಮ್ಮನೆ ದೂರ ನಿಲ್ಲಬೇಕು.

6. ಹೊರಗೆ ಚೆನ್ನಾಗಿ ರೂಢಿ ಆಗುವ ತನಕ ಒಳಗೂ ಒಂದು ಬಾಂಡ್ಲಿ ಇರಲಿ. ರಾತ್ರಿ ಮತ್ತು ಜೋರು ಮಳೆಯಲ್ಲಿ ಅದು ಯಾವಾಗಲೂ ಬೇಕು. ಕತ್ತಲಲ್ಲಿ ಹೊರಗೆ ಕಳಿಸಿದರೆ ನಾಯಿಗಳ ಕಾಟ.

ಹೊಡೆಯಬೇಡಿ

ಒಳಗೆ ಗಲೀಜು ಮಾಡಿದರೆ ಕೆಲವರು ಬೆಕ್ಕಿನ ಮೂತಿಯನ್ನು ಅದಕ್ಕೇ ಉಜ್ಜುತ್ತಾರೆ. ಇದು ತಪ್ಪು. ಬೆಕ್ಕು ನಮಗೆ ಹೆದರುವುದನ್ನು ಕಲಿಯುತ್ತದೆಯೇ ಹೊರತು ಹೊರಗೆ ಹೋಗುವುದನ್ನಲ್ಲ. ಆಮೇಲೆ ಮಂಚದ ಕೆಳಗೆ ಕದ್ದು ಮಾಡುತ್ತದೆ. ಆ ಜಾಗವನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಬೇಕು. ಫಿನಾಯಿಲ್ ಹಾಕಬಾರದು. ಬೆಕ್ಕು ಕಾಲು ನೆಕ್ಕಿಕೊಂಡಾಗ ಅದು ಹೊಟ್ಟೆಗೆ ಹೋಗಿ ವಿಷವಾಗುತ್ತದೆ.

ಕೆಲವು ಸಲ ಅದು ಕಾಯಿಲೆಯೂ ಇರಬಹುದು. ಮತ್ತೆ ಮತ್ತೆ ಕೂತು ಮುಕ್ಕರಿದರೂ ಮೂತ್ರ ಬರದಿದ್ದರೆ, ಅದರಲ್ಲೂ ಗಂಡು ಬೆಕ್ಕಾದರೆ, ಅವತ್ತೇ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ನಾಳೆ ನೋಡೋಣ ಅಂದರೆ ಪ್ರಾಣಕ್ಕೇ ಅಪಾಯ.

ನಮ್ಮ ಆರೋಗ್ಯ

ಬೆಕ್ಕು ಹೊರಗೆ ಹೋಗಲು ಕಲಿತರೆ ನಮ್ಮ ಕೆಲಸ ಮುಗಿಯಲಿಲ್ಲ. ಕೆಲವು ಬೆಕ್ಕುಗಳ ಮಲದಲ್ಲಿ ಟಾಕ್ಸೋಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿಯ ಮೊಟ್ಟೆಯಂಥ ಕಣ ಇರುತ್ತದೆ. ಹೊರಗೆ ಬಂದ 1ರಿಂದ 5 ದಿನದಲ್ಲಿ ಅದಕ್ಕೆ ರೋಗ ತರುವ ಶಕ್ತಿ ಬರುತ್ತದೆ. ಬಸುರಿ ಹೆಂಗಸರ ಹೊಟ್ಟೆಯ ಮಗುವಿಗೆ ಇದರಿಂದ ತೊಂದರೆ ಆಗಬಹುದು. ಆದ್ದರಿಂದ ದಿನಾಲೂ ಗುಂಡಿಯನ್ನು ಚೊಕ್ಕ ಮಾಡಿ, ಮಲವನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಬೇಕು. ಬಸುರಿಯರು ಈ ಕೆಲಸ ಮಾಡಬಾರದು. ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಈಗ ನಮ್ಮ ಕಡೆ ಎಲ್ಲಿ ನೋಡಿದರೂ ಮನೆ ಕಟ್ಟುತ್ತಿದ್ದಾರೆ. ರಸ್ತೆ ಬದಿ ಮರಳಿನ ರಾಶಿ ಇರುತ್ತದೆ. ಬೆಕ್ಕಿಗೆ ಅದು ಸಿಕ್ಕಿದರೆ ಹಬ್ಬ. ಚಿಕ್ಕ ಮಕ್ಕಳು ಗೂಡು ಕಟ್ಟಿ ಆಡುವುದೂ ಅಲ್ಲೇ. ಆದ್ದರಿಂದ ಮರಳಿನ ಮೇಲೆ ಟಾರ್ಪಾಲು ಹೊದಿಸಬೇಕು. ನಮ್ಮ ಬೆಕ್ಕಿಗೆ ನಮ್ಮ ಹಿತ್ತಲಲ್ಲೇ ಒಳ್ಳೆಯ ಗುಂಡಿ ಇದ್ದರೆ ಪಕ್ಕದ ಮನೆಯವರ ಜೊತೆ ಜಗಳವೂ ಇರಲ್ಲ.

ಮಹಡಿ ಮನೆಯವರು, ದೊಡ್ಡ ರಸ್ತೆ ಪಕ್ಕದವರು ಬೆಕ್ಕನ್ನು ಹೊರಗೆ ಕಳಿಸಲೇಬೇಕು ಅಂತ ಇಲ್ಲ. ಬಾಂಡ್ಲಿಯನ್ನು ದಿನಾ ಚೊಕ್ಕವಾಗಿ ಇಟ್ಟರೆ ಸಾಕು. ಬೆಕ್ಕು ಚೊಕ್ಕವಾಗಿರುವ ಪ್ರಾಣಿಯೇ. ಜಾಗ ತೋರಿಸಬೇಕಾದವರು ನಾವು. ನಿಮ್ಮ ಮನೆಯಲ್ಲಿ ಯಾರಾದರೂ ಬೆಕ್ಕನ್ನು ಬಿಟ್ಟು ಬರೋಣ ಅಂದರೆ, ಒಂದೂವರೆ ತಿಂಗಳು ತಡೀರಿ ಅಂತ ಹೇಳಿ, ಇದನ್ನು ಓದಿ ಹೇಳಿ.