‘ಸಿಂಪ್ಲಿಸ್ಟಿಕ್’ ಅಂದ್ರೆ ಹೊಗಳಿಕೆ ಅಲ್ಲ!

‘ಆ್ಯಪ್‌ನ ಹೊಸ ಡಿಸೈನ್ ತುಂಬಾ ಸಿಂಪ್ಲಿಸ್ಟಿಕ್ ಆಗಿದೆ, ಎಲ್ಲರಿಗೂ ಇಷ್ಟ ಆಯ್ತು.’ ಆಫೀಸಿನ ಮೇಲ್‌ಗಳಲ್ಲಿ ಇಂಥ ವಾಕ್ಯ ನೀವೂ ಓದಿರುತ್ತೀರಿ. ಬರೆದವರ ಮನಸ್ಸಿನಲ್ಲಿರೋದು ಮೆಚ್ಚುಗೆ, ಪದ ಹೇಳ್ತಿರೋದು ಮಾತ್ರ ದೂರು. ಸಿಂಪಲ್ ಅಂದರೆ ಸರಳ. ಸಿಂಪ್ಲಿಸ್ಟಿಕ್ ಅಂದರೆ, ಜಟಿಲವಾದದ್ದನ್ನು ಸರಳ ಮಾಡೋ ಭರದಲ್ಲಿ ಮುಖ್ಯವಾದದ್ದನ್ನೇ ಕೈಬಿಟ್ಟಿರೋದು.

ಕನ್ನಡದಲ್ಲಿ ಇದಕ್ಕೆ ‘ಅತಿಸರಳೀಕೃತ’ ಅನ್ನಬಹುದು. ಬರಹಕ್ಕೆ ಸರಿ, ಬಾಯಿಗೆ ಸ್ವಲ್ಪ ಭಾರ. ಮಾತಿನಲ್ಲಾದರೆ ‘ಅದು ಅಷ್ಟು ಸಲೀಸಲ್ಲಪ್ಪ’ ಅಂದರೆ ಸಾಕು. ನಮ್ಮಲ್ಲಿ ‘ಸರಳ’ ಯಾವಾಗಲೂ ಒಳ್ಳೆಯ ಪದವೇ: ಸರಳ ಜೀವನ, ಸರಳ ವಿವಾಹ, ಸರಳ ಸಜ್ಜನ. ಅದರ ನೆಂಟನಂತೆ ಕಾಣುವ ಪದವೂ ಒಳ್ಳೆಯದೇ ಇರಬೇಕು ಅಂದುಕೊಳ್ತೀವಿ. ಬೆಳ್ಳಗಿರೋದೆಲ್ಲ ಹಾಲಲ್ಲ ನೋಡಿ.

ಈ ಎರಡರ ನಡುವಿನ ಅಂತರ ನನಗೆ ಸ್ಪಷ್ಟವಾಗಿ ಕಂಡದ್ದು ಬಳ್ಳಿಗಾವಿಯಲ್ಲಿ. ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಪಕ್ಕದಲ್ಲೇ ಇರುವ ಊರು. ಜೊತೆಗೆ ಅಕ್ಕನ ಮಗಳು ಬಂದಿದ್ದಳು. ಕೇದಾರೇಶ್ವರ ದೇವಸ್ಥಾನದ ಮುಂದೆ ಫೋಟೊ ತೆಗೆದವಳೇ, ‘ಚಿಕ್ಕಮ್ಮ, ಈ ಊರನ್ನ ಒಂದೇ ಸಾಲಲ್ಲಿ ಹೇಳು, ಕ್ಯಾಪ್ಷನ್ ಹಾಕ್ಬೇಕು’ ಅಂದಳು.

ಅವಳ ಮೊದಲ ಪ್ರಯತ್ನ: ‘ಹೊಯ್ಸಳರ ದೇವಸ್ಥಾನ.’ ಹುಲಿಯೊಡನೆ ಹೋರಾಡುವ ಸಳನ ಲಾಂಛನ ಮೇಲೆ ಕಾಣುತ್ತೆ, ನಿಜ. ಆದರೆ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು.

ಎರಡನೆಯದು: ‘ಶಿವನ ಊರು.’ ಅಲ್ಲಮಪ್ರಭು ಹುಟ್ಟಿದ್ದು ಇಲ್ಲೇ ಎನ್ನುತ್ತದೆ ಪರಂಪರೆ. ಕಾಳಾಮುಖ ಶೈವರ ದೊಡ್ಡ ಮಠವೂ ಇಲ್ಲಿತ್ತು. ಆದರೆ ಇದೇ ಕೇದಾರೇಶ್ವರದ ಮೂರು ಗರ್ಭಗುಡಿಗಳಲ್ಲಿ ಒಂದರಲ್ಲಿ ಇರುವವನು ವಿಷ್ಣು. ಊರಿನಲ್ಲಿ ಜೈನ ಬಸದಿಗಳಿದ್ದವು. 1065ರಲ್ಲಿ ಚಾಲುಕ್ಯ ಮಂತ್ರಿ ರೂಪಭಟ್ಟಯ್ಯ ಇಲ್ಲಿ ಬೌದ್ಧ ವಿಹಾರ ಕಟ್ಟಿಸಿದ. ಅಲ್ಲಿ ತಾರಾ ಭಗವತಿಗೆ ಪೂಜೆ ನಡೆಯುತ್ತಿತ್ತು.

ಮೂರನೆಯದು ಕೇಳಲು ಬಲು ಚೆಂದ: ‘ಎಲ್ಲ ಧರ್ಮದವರೂ ಜಗಳವೇ ಇಲ್ಲದೆ ಬಾಳಿದ ಊರು.’ ಲೈಕ್ ಬೀಳೋದು ಇದಕ್ಕೇ. ಆದರೆ ಇದೂ ಅತಿಸರಳವೇ. 1030ರ ದಶಕದ ಇಲ್ಲಿನ ಶಾಸನವೊಂದು ಲಕುಲೀಶ್ವರ ಪಂಡಿತ ಎಂಬ ಕಾಳಾಮುಖ ಗುರುವನ್ನು ಹೊಗಳುವುದೇ ಬೌದ್ಧರನ್ನು, ಮೀಮಾಂಸಕರನ್ನು, ಲೋಕಾಯತರನ್ನು ವಾದದಲ್ಲಿ ಸೋಲಿಸಿದವನು ಎಂದು. ಜೋರಾದ ವಾದ ನಡೆಯುತ್ತಿದ್ದ ಊರು ಇದು. ಸುಮಾರು ಮೂವತ್ತು ವರ್ಷದಲ್ಲಿ ಅದೇ ಊರಲ್ಲಿ ಬೌದ್ಧ ವಿಹಾರ ಎದ್ದಿತು. 1162ರ ಶಾಸನದ ಪ್ರಕಾರ ಕಾಳಾಮುಖರ ಕೋಡಿಯ ಮಠದಲ್ಲಿ ವೇದ, ವ್ಯಾಕರಣಗಳ ಜೊತೆ ಬೌದ್ಧ ದರ್ಶನದ ಪಾಠವೂ ಇತ್ತು. ಬಡವರಿಗೆ ಊಟ, ರೋಗಿಗಳಿಗೆ ಚಿಕಿತ್ಸೆಯೂ ಅಲ್ಲೇ.

‘ಹಾಗಾದ್ರೆ ಒಂದು ಸಾಲಲ್ಲಿ ಹೇಳೋಕೆ ಆಗಲ್ವಾ?’ ಅಂತ ಅವಳು ಮುಖ ಸಪ್ಪೆ ಮಾಡಿದಳು. ಆಗುತ್ತೆ. ಕೊನೆಗೆ ನಾವು ಹಾಕಿದ್ದು: ‘ವಾದ ಮಾಡಿಕೊಂಡೇ ಒಟ್ಟಿಗೆ ಬಾಳಿದವರ ಊರು.’ ಇದೂ ಚಿಕ್ಕದೇ. ಎಲ್ಲವನ್ನೂ ಹೇಳಲ್ಲ, ಆದರೆ ದಾರಿ ತಪ್ಪಿಸಲ್ಲ.

ಅಲ್ಲಿಂದ ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಬಿಟ್ಟ ವಿವರವನ್ನು ವಾಪಸ್ ಸೇರಿಸಿ ನೋಡಿ. ಆಗಲೂ ತೀರ್ಮಾನ ಹಾಗೇ ಉಳಿದರೆ ಅದು ಸಿಂಪಲ್. ತೀರ್ಮಾನವೇ ಉಲ್ಟಾ ಆದರೆ ಸಿಂಪ್ಲಿಸ್ಟಿಕ್. ಬಸ್ಸಿನ ಬೋರ್ಡಿನಲ್ಲಿ ‘ಶಿರಾಳಕೊಪ್ಪ’ ಅಂತ ಒಂದೇ ಪದ ಇರುತ್ತೆ, ನಡುವಿನ ನಿಲ್ದಾಣಗಳ ಹೆಸರಿಲ್ಲ. ಆದರೂ ನೀವು ತಪ್ಪು ಊರಲ್ಲಿ ಇಳಿಯಲ್ಲ.

ಕಳೆದ ವರ್ಷ ನಮ್ಮ ಟೀಮಿನ ಹುಡುಗನೊಬ್ಬನ ಅಪ್ರೈಸಲ್‌ನಲ್ಲಿ ‘ಸ್ಲೋ’ ಅನ್ನೋ ಒಂದೇ ಮಾತು ಬಂದಿತ್ತು. ಅವನ ಜೊತೆಗಾರ ಕೆಲಸ ಬಿಟ್ಟು ನಾಲ್ಕು ತಿಂಗಳಾಗಿತ್ತು, ಇಬ್ಬರ ಕೆಲಸವನ್ನೂ ಇವನೊಬ್ಬನೇ ಎಳೀತಿದ್ದ. ಆ ವಿವರ ಸೇರಿಸಿದರೆ ಅದೇ ಹುಡುಗ ‘ಸ್ಲೋ’ ಅಲ್ಲ, ಟೀಮಿನ ಆಧಾರ. ಮೀಟಿಂಗ್‌ನಲ್ಲಿ ಒಬ್ಬರು ಅದನ್ನು ಎತ್ತಿದ್ದರಿಂದ ಅವನ ರೇಟಿಂಗ್ ಬದಲಾಯಿತು. ಎತ್ತದೇ ಇದ್ದಿದ್ದರೆ ಒಂದು ಪದಕ್ಕೆ ಅವನ ಇಡೀ ವರ್ಷದ ಇನ್‌ಕ್ರಿಮೆಂಟ್ ಹೋಗುತ್ತಿತ್ತು.

ಹಾಗಾಗಿ ಬಳಕೆಯ ಬಗ್ಗೆ ಮೂರು ಮಾತು. ಡಿಸೈನ್ ಇಷ್ಟವಾದರೆ ‘ಸಿಂಪಲ್’ ಅನ್ನಿ, ‘ಸರಳವಾಗಿದೆ’ ಅನ್ನಿ. ‘ಟೂ ಸಿಂಪ್ಲಿಸ್ಟಿಕ್’ ಅಂತ ಬರೆಯೋ ಅಗತ್ಯ ಇಲ್ಲ, ಅತಿಯಾಯಿತು ಅನ್ನೋದು ಆ ಪದದ ಹೊಟ್ಟೆಯಲ್ಲೇ ಇದೆ. ಇನ್ನು ನಿಮ್ಮ ರಿಪೋರ್ಟ್ ಸಿಂಪ್ಲಿಸ್ಟಿಕ್ ಆಗಿದೆ ಅಂತ ಯಾರಾದರೂ ಅಂದರೆ ಥ್ಯಾಂಕ್ಸ್ ಹೇಳಿ ಸುಮ್ಮನಾಗಬೇಡಿ. ‘ಏನು ಬಿಟ್ಟುಹೋಗಿದೆ?’ ಅಂತ ಕೇಳಿ. ಅವರು ಹೇಳ್ತಿರೋದು ಅದನ್ನೇ.